ಅಂಟೆನಾ ಉತ್ತಮನಿಗೆ ಸಿಕ್ಕ ಒಂದೇ ತೂತು

ಬಸವಕಲ್ಯಾಣದಲ್ಲಿ ಬರೀ ಉತ್ತಮ ಎಂದು ಕೇಳಿದರೆ ಜನ "ಯಾವ ಉತ್ತಮ?" ಎನ್ನುತ್ತಾರೆ. ಅಂಟೆನಾ ಉತ್ತಮ ಎಂದು ಕೇಳಿ ನೋಡಿ, ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಾರೆ. ಈಗ ತಾಲೂಕೆಲ್ಲ ಜಾಲಾಡಿದರೂ ಮಾಳಿಗೆಯ ಮೇಲೆ ಆ ಹಳೇ ಕಾಲದ ಕಡ್ಡಿಕಡ್ಡಿ ಅಂಟೆನಾ ಸಿಗುವುದು ಕಷ್ಟ. ಸಿಕ್ಕರೂ ಯಾರೋ ಅದರ ಮೇಲೆ ಧೋತರ ಒಣಹಾಕಿರುತ್ತಾರೆ. ಅಂಟೆನಾ ಹೋಯಿತು, ಹೆಸರು ಉಳಿಯಿತು. ಉತ್ತಮನಿಗೆ ಅದರ ಬಗ್ಗೆ ಬೇಸರವೇನಿಲ್ಲ; ಬೇರೆ ಹೆಸರಿನಿಂದ ಕರೆದರೆ ಅವನು ತಿರುಗಿಯೂ ನೋಡುವುದಿಲ್ಲ.

ಅವನು ನಾರಾಯಣಪುರದ ಕೂಲಿಕಾರರ ಮನೆಯ ಮಗ. ಮಂದಿಯ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ಹುಡುಗ, ಊರಿಗೆ ಮೊದಲ ಟಿವಿ ಬಂದ ದಿನ ಕುಡುಗೋಲು ಬದುವಿಗೆ ಎಸೆದು ಓಡಿದವನು ಮತ್ತೆ ಅದನ್ನು ಹುಡುಕಲು ಹೋಗಲಿಲ್ಲ. ಟಿವಿಯೊಳಗೆ ಏನು ಬರುತ್ತದೆ ಎನ್ನುವುದು ಎಲ್ಲರಿಗೂ ಬೇಕಾಗಿತ್ತು. ಇವನಿಗೆ ಮಾತ್ರ ಅದು ಎಲ್ಲಿಂದ ಬರುತ್ತದೆ ಎನ್ನುವ ಹುಚ್ಚು ಹತ್ತಿತು. ವರ್ಷ ತುಂಬುವುದರೊಳಗೆ ಪೈಪು ಕೊಯ್ದು ಅಂಟೆನಾ ಕಟ್ಟುವುದನ್ನು ತಾನೇ ಕಲಿತ. ಕಣ್ಣು ಕಟ್ಟಿ ಮೂರು ಸುತ್ತು ತಿರುಗಿಸಿ ಬಿಟ್ಟರೂ ಕಲಬುರಗಿಯ ಟವರ್ ಯಾವ ದಿಕ್ಕಿಗಿದೆ ಎಂದು ಸರಿಯಾಗಿ ಬೆರಳು ಮಾಡುತ್ತಿದ್ದ. ಸೈಕಲ್ಲಿಗೆ ಅಂಟೆನಾ ಕಟ್ಟಿಕೊಂಡು ಅವನು ಮಂಠಾಳದ ಓಣಿಗೆ ಬಂದನೆಂದರೆ ಹೆಣ್ಣುಮಕ್ಕಳು ಒಲೆಯ ಮೇಲಿನ ಪಲ್ಯ ಮರೆತು ಹೊರಗೆ ಬರುತ್ತಿದ್ದರು.

ಆದರೆ ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಮಾಳಿಗೆ ಹತ್ತಿ ಅಂಟೆನಾ ತಿರುಗಿಸಬೇಕು, ಇನ್ನೊಬ್ಬ ಟಿವಿಯ ಮುಂದೆ ನಿಂತು ಚಿತ್ರ ಬಂತೋ ಇಲ್ಲವೋ ಕೂಗಿ ಹೇಳಬೇಕು. ಮನೆಯವರನ್ನೇ ನಿಲ್ಲಿಸಿದರೆ ಚಿತ್ರ ಬಂದ ಕೂಡಲೇ ಕೂತು ನೋಡಲು ಹತ್ತಿಬಿಡುತ್ತಿದ್ದರು. ಮೇಲೆ ಬಿಸಿಲಲ್ಲಿ ಒಬ್ಬ ಮನುಷ್ಯ ಪೈಪು ಹಿಡಿದು ನಿಂತಿದ್ದಾನೆ ಎನ್ನುವುದೇ ಮರೆತುಹೋಗುತ್ತಿತ್ತು. ಇದಕ್ಕೆ ಉತ್ತಮ ಕಂಡುಕೊಂಡ ಉಪಾಯ ಎಂದರೆ ಹೆಂಡತಿ. ಮದುವೆಯಾಗಿ ತಿಂಗಳಿಗೇ ಗಿರಿಜಾಬಾಯಿಯನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೊರಟ. ಗಿರಿಜಾಬಾಯಿಯ ಗಂಟಲು ಎಂದರೆ ಗಂಟಲು. ಎರಡು ಹೊಲದಾಚೆ ಮೇಯುವ ಎಮ್ಮೆ ಅವಳ ಒಂದೇ ಕೂಗಿಗೆ ಮನೆಗೆ ಬರುತ್ತಿತ್ತು. ಕೆಲಸದಲ್ಲಿ ಅವಳು ಬಳಸುತ್ತಿದ್ದದ್ದು ಮೂರೇ ಮಾತು: "ಇಲ್ಲ", "ಬರಾಕತ್ತದ", "ಬಂತು". ಅವಳು ಬಂತು ಎಂದರೆ ಮುಗಿಯಿತು, ಉತ್ತಮ ನಟ್ಟು ಬಿಗಿದು ಕೆಳಗಿಳಿಯುತ್ತಿದ್ದ.

ಆರೇಳು ವರ್ಷ ಹೀಗೆ ನಡೆಯಿತು. ಆಮೇಲೊಂದು ಮಳೆಗಾಲ ರಾಜೇಶ್ವರದ ಒಬ್ಬ ಮಾಸ್ತರರ ಮಾಳಿಗೆಯಿಂದ ಉತ್ತಮ ಬಿದ್ದ. ಪಾಚಿ ಕಟ್ಟಿದ ಗೋಡೆ, ಕಾಲು ಜಾರಿತು. ಎಡಗೈ ಮುರಿದು ಎರಡು ತಿಂಗಳು ಪಟ್ಟಿಯೊಳಗಿತ್ತು. ಇನ್ನು ಇವನ ಧಂದೆ ಮುಗಿಯಿತು ಎಂದು ಊರವರು ಲೊಚಗುಟ್ಟಿದರು. ಆದರೆ ನೋಡಿ, ಪಟ್ಟಿ ಬಿಚ್ಚಿ ಮತ್ತೆ ಮಾಳಿಗೆ ಹತ್ತಿದ ಉತ್ತಮನ ಕೈಗೆ ಅದೇನೋ ಹೊಸ ಗುಣ ಬಂದಿತ್ತು. ಮೊದಲು ಒಂದು ಮನೆಗೆ ಅರ್ಧ ತಾಸು, ಮುಕ್ಕಾಲು ತಾಸು ಹಿಡಿಯುತ್ತಿತ್ತು. ಈಗ ಹತ್ತೇ ನಿಮಿಷಕ್ಕೆ ಗಿರಿಜಾಬಾಯಿ "ಬಂತು" ಎಂದು ಕೂಗುತ್ತಿದ್ದಳು. "ಬಿದ್ದ ಮ್ಯಾಲ ನನ್ನ ಕೈ ಕುದುರಿತು ನೋಡ್ರಿ" ಎಂದು ಉತ್ತಮ ಅಂದಿನಿಂದ ಇಂದಿನವರೆಗೆ ಎಷ್ಟು ಮಂದಿಗೆ ಹೇಳಿದ್ದಾನೋ ಲೆಕ್ಕವಿಲ್ಲ. ಹೇಳುವಾಗ ಆ ಎಡಗೈಯನ್ನು ತಿರುಗಿಸಿ ತೋರಿಸುತ್ತಿದ್ದ. ಗಿರಿಜಾಬಾಯಿ ಪಕ್ಕದಲ್ಲಿದ್ದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಕೇಬಲ್ ಬಂತು, ಡಿಶ್ಶಿನ ಛತ್ರಿ ಬಂತು, ಆಮೇಲೆ ಎಲ್ಲ ಫೋನಿನೊಳಗೇ ಹೋಯಿತು. ಉತ್ತಮ ಸಸ್ತಾಪುರ ಬಂಗ್ಲಾ ಎನ್ನುವ ಹೆದ್ದಾರಿ ಸರ್ಕಲ್ಲಿನ ಲಾರಿ ಬಜಾರಿನಲ್ಲಿ ಲಾರಿಗಳ ಲೈಟಿನ ವೈರು ಜೋಡಿಸುವ ಕೆಲಸಕ್ಕೆ ಕೂತ. ಕೈತುಂಬ ಕೆಲಸವಿತ್ತು, ಮನಸ್ಸು ತುಂಬುತ್ತಿರಲಿಲ್ಲ. ಕಣ್ಣೆದುರಿಗಿನ ದೀಪ ಹತ್ತಿಸುವುದೇನು ದೊಡ್ಡದು, ಕಾಣದ್ದನ್ನು ಗಾಳಿಯಿಂದ ಹಿಡಿದು ತರುವ ಸುಖವೇ ಬೇರೆ ಎಂದು ಅವನಿಗೆ ಒಳಗೊಳಗೇ ಅನಿಸುತ್ತಿತ್ತು. ಒಂದು ಅಂಟೆನಾ ಕೂಡಿಸು ಬಾ ಎಂದು ಒಬ್ಬನೂ ಕರೆಯದೆ ಒಂಬತ್ತು ವರ್ಷವಾಗಿತ್ತು.

ಹೀಗಿರುವಾಗ ಹುಮನಾಬಾದಿನ ಅಶೋಕಕುಮಾರ ಮೋಟಾರ್ ಸೈಕಲ್ ನಿಲ್ಲಿಸಿ ಅಂಗಡಿಯೊಳಗೆ ಬಂದ.

"ಉತ್ತಮ ಕಾಕಾ, ಅಂಟೆನಾ ಕೂಡಸೂದದ. ಬರತೀರೇನ್ರಿ?"

ಉತ್ತಮನ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. "ಯಾರ ಮನಿ ಮ್ಯಾಗಪಾ?"

"ಮನಿ ಮ್ಯಾಗಲ್ಲರಿ. ವಿಮಾನಕ್ಕ."

"ಮುಂಜಾನಿ ಮುಂಜಾನಿ ಚೇಷ್ಟಿ ಮಾಡಾಕ ನಾನ ಸಿಕ್ಕೆನೇನು? ಹೋಗ ತಮ್ಮಾ, ಹೋಗಿ ನಿನ್ನ ಕೆಲಸ ನೋಡ್ಕೋ" ಎಂದು ಉತ್ತಮ ರೇಗಿದ.

ಚೇಷ್ಟೆಯಲ್ಲ, ಖರೇನೇ. ಈ ಅಶೋಕಕುಮಾರನ ಅಪ್ಪ ಅಮೋಘಸಿದ್ದಪ್ಪ ಕುರಿ ಕಾಯುತ್ತಿದ್ದವರು. ಹಿಂಡು ಮಾರಿ ಹುಮನಾಬಾದಿನ ಹೆದ್ದಾರಿ ಪಕ್ಕ ಲಾರಿಗೆ ಬಾಡಿ ಕಟ್ಟುವ ಶೆಡ್ಡು ಹಾಕಿದವರು. ಮಗ ವಾಯುಪಡೆ ಸೇರಿ ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ. ನಿವೃತ್ತಿಯಾಗಿ ಬಂದವನು ಸುಮ್ಮನಿರಬೇಕಲ್ಲ! ದುಡ್ಡು ಕೂಡಿಸಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸು ತಂದ. ಆಮೇಲೆ ಅಪ್ಪನ ಶೆಡ್ಡಿನಲ್ಲೇ, ನಕ್ಷೆ ತರಿಸಿ, ಅಲ್ಯೂಮಿನಿಯಮ್ ತಗಡು ಕೊಯ್ದು, ಇಬ್ಬರು ಕೂರುವ ಒಂದು ಪುಟ್ಟ ವಿಮಾನ ಕಟ್ಟಲು ಶುರುಮಾಡಿದ. ನಾಲ್ಕು ವರ್ಷವಾಗಿತ್ತು. ಅದಕ್ಕೆ ಬೇಕಾದ ಪರವಾನಗಿ ಕಾಗದಗಳನ್ನು ಒಟ್ಟಿದರೆ ವಿಮಾನಕ್ಕಿಂತ ಅವೇ ಭಾರ. ಊರವರು ಮೊದಲು ನಕ್ಕರು, ಆಮೇಲೆ ರೂಢಿಯಾಗಿ ಬಿಟ್ಟುಬಿಟ್ಟರು.

ಉತ್ತಮ ಶೆಡ್ಡಿನೊಳಗೆ ಕಾಲಿಟ್ಟವನು ಚಪ್ಪಲಿ ಬಾಗಿಲಲ್ಲೇ ಬಿಟ್ಟ. ಯಾಕೆ ಬಿಟ್ಟೆ ಎಂದು ಅವನಿಗೂ ತಿಳಿಯಲಿಲ್ಲ. ಬೆಳ್ಳಗೆ, ಸಾವಿರಾರು ರಿವೆಟ್ ಹೊಡೆಸಿಕೊಂಡು, ಒಂದು ಗೀರೂ ಇಲ್ಲದೆ ವಿಮಾನ ನಿಂತಿತ್ತು.

ಅಶೋಕಕುಮಾರ ವಿಷಯ ಬಿಡಿಸಿ ಹೇಳಿದ. ಹಾರುವಾಗ ಕೆಳಗಿನವರ ಜೊತೆ ಮಾತಾಡಲು ಒಂದು ರೇಡಿಯೋ ಇದೆ. ಅದಕ್ಕೆ ಎರಡೂವರೆ ಗೇಣಿನ ಒಂದು ಕಡ್ಡಿ ಅಂಟೆನಾ. ಅದನ್ನು ಗಾಜಿನ ಗೂಡಿನ ಹಿಂದೆ ಬೆನ್ನ ಮೇಲಾದರೂ ಕೂರಿಸಬಹುದು, ಹೊಟ್ಟೆಯ ಕೆಳಗಾದರೂ ಕೂರಿಸಬಹುದು. ಕಟ್ಟುವವರ ಇಷ್ಟ ಎಂದು ನಕ್ಷೆಯವರು ಕೈತೊಳೆದುಕೊಂಡಿದ್ದರು. ಹೀಗೆ ಮನೆಯಲ್ಲೇ ವಿಮಾನ ಕಟ್ಟುವ ಏಳು ಮಂದಿಗೆ ಫೋನು ಮಾಡಿ ಕೇಳಿದ್ದ. ಮೂವರು ಬೆನ್ನು ಎಂದರು, ಮೂವರು ಹೊಟ್ಟೆ ಎಂದರು, ಏಳನೆಯವನು ಮೊದಲು ಆ ರೇಡಿಯೋ ಬದಲಿಸು ಎಂದ.

"ನಮ್ಮವ್ವ ಅಂದ್ಲು, ಇಷ್ಟ ಮಂದೀನ ಯಾಕ ಕೇಳತಿ, ಅಂಟೆನಾ ಉತ್ತಮನ ಕೇಳು ಅಂತ. ಕಾಕಾ, ಒಂದ ಮಾತು. ತೂತು ಒಂದೇ ಹೊಡೀಬೇಕು. ಇದು ಲಾರಿ ಅಲ್ಲರಿ, ತಪ್ಪಿದ್ರ ಮ್ಯಾಲ ಪಟ್ಟಿ ಬಡದು ಬಣ್ಣ ಬಳಿಯಾಕ. ತಗಡ ಪೂರಾ ಬಿಚ್ಚಬೇಕಾಗತದ, ಮತ್ತ ಆರು ತಿಂಗಳು. ತಪಾಸಣಿಯವರು ಮುಂದಿನ ಗುರುವಾರ ಬರಾಕತ್ತಾರ. ಅದೂ ಹೋಗ್ಲಿ ಬಿಡ್ರಿ, ಮ್ಯಾಲ ಹೋದಾಗ ಕೆಳಗಿನವರ ಮಾತು ಕೇಳಲಿಲ್ಲಂದ್ರ…" ಎಂದು ವಿಮಾನದ ತಗಡು ಸವರಿದ.

ಉತ್ತಮ ಆಗಲಿ ಎಂದು ತಲೆ ಆಡಿಸಿದ. ಒಬ್ಬ ಮನುಷ್ಯನ ನಾಲ್ಕು ವರ್ಷ, ಅದಕ್ಕಿಂತ ಹೆಚ್ಚಾಗಿ ಅವನ ಜೀವ, ತಾನು ತೋರಿಸುವ ಬೊಟ್ಟಿನಗಲದ ಒಂದು ಜಾಗದ ಮೇಲೆ ನಿಂತಿದೆ. ಹೆದರಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು. ಮರುದಿನ ಗಿರಿಜಾಬಾಯಿಯನ್ನು ಕರೆದುಕೊಂಡೇ ಬಂದ.

"ಅಂಟೆನಾ ಎತ್ತರದಾಗ ಇರಬೇಕು" ಎಂದು ಶುರುಮಾಡಿದ ಉತ್ತಮ, ಸೊಂಟಕ್ಕೆ ಕೈಕೊಟ್ಟು. "ಇದು ನನ್ನ ಮಾತಲ್ಲ, ಅನುಭವದ ಮಾತು. ಬೆನ್ನ ಮ್ಯಾಲೇ ಕೂಡಸೂಣು. ಈಗ ಹೇಳಪಾ, ಟವರ್ ಯಾವ ಕಡಿಗದ?"

"ಯಾವ ಕಡೀನೂ ಇರಬಹುದ್ರಿ ಕಾಕಾ. ನಾವ ತಿರಗತೇವಲ್ಲ."

ಉತ್ತಮ ಒಂದು ಡಬ್ಬ ಎಳೆದುಕೊಂಡು ಕೂತುಬಿಟ್ಟ. ಜೀವಮಾನವಿಡೀ ಮನೆ ನಿಂತಿತ್ತು, ಅಂಟೆನಾ ತಿರುಗಿತ್ತು. ಇಲ್ಲಿ ಮನೆಯೇ ತಿರುಗುತ್ತದಂತೆ! ಒಂದು ಚಹಾ ಕುಡಿದ ಮೇಲೆ ಅವನಿಗೆ ಸಮಾಧಾನವಾಯಿತು. ಸರಿ, ಅದಕ್ಕೇ ಕಡ್ಡಿ ನೆಟ್ಟಗಿದೆ, ಸುತ್ತ ಎಂಟು ದಿಕ್ಕಿಗೂ ಕೇಳಲಿ ಎಂದು. ಇಂಥ ಒಂಟಿ ಕಡ್ಡಿಗೆ ಬುಡದಲ್ಲಿ ಅಗಲವಾದ ಲೋಹ ಬೇಕು ಎನ್ನುವುದೂ ಅವನಿಗೆ ಗೊತ್ತಿತ್ತು. ತಗಡಿನ ಮಾಳಿಗೆಯ ಮನೆಗಳಲ್ಲಿ ಅವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಕಣ್ಣಾರೆ ಕಂಡವನು.

ತೂತು ಹೊಡೆಯುವ ಮೊದಲು ಜಾಗ ಪರೀಕ್ಷಿಸಬೇಕಲ್ಲ, ಅದಕ್ಕೆಂದು ಉತ್ತಮ ಲಾರಿ ಬಜಾರಿನಿಂದ ಅಡಿಯಲ್ಲಿ ಅಯಸ್ಕಾಂತವಿರುವ ಒಂದು ಕಡ್ಡಿ ತಂದು, ಅಳತೆಗೆ ಕತ್ತರಿಸಿ, ವಿಮಾನದ ಬೆನ್ನ ಮೇಲಿಟ್ಟು ಕೈಬಿಟ್ಟ. ಅದು ಸರ್ರನೆ ಜಾರಿ ಅವನ ಕಾಲ ಹೆಬ್ಬೆರಳ ಮೇಲೆ ಬಿತ್ತು. ಲಾರಿಯ ಕಬ್ಬಿಣಕ್ಕೆ ಅಂಟುವ ಅಯಸ್ಕಾಂತ ಅಲ್ಯೂಮಿನಿಯಮ್ಮಿಗೆ ಅಂಟೀತೇ?

"ಎಂಥಾ ತಗಡು ತಂದಿ ತಮ್ಮಾ!" ಎಂದ ಉತ್ತಮ ಒಂಟಿಕಾಲಲ್ಲಿ ಕುಣಿಯುತ್ತ.

"ಕುಣಿಲಾರದಾಕಿ ನೆಲಾ ಡೊಂಕು ಅಂದಳಂತ" ಎಂದು ಗಿರಿಜಾಬಾಯಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಯಾಕೆಂದರೆ ಉತ್ತಮ ಮರುದಿನ ಅವಳ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನೇ ಎತ್ತಿಕೊಂಡು ಬಂದ. ಹಂಚನ್ನು ವಿಮಾನಕ್ಕೆ ಅಂಟುಪಟ್ಟಿಯಿಂದ ಬಿಗಿದು, ಅದರ ಮೇಲೆ ಅಯಸ್ಕಾಂತದ ಕಡ್ಡಿ ನಿಲ್ಲಿಸಿದ. ಅಲುಗಲಿಲ್ಲ. ಎಲ್ಲಿ ಬೇಕೋ ಅಲ್ಲಿಗೆ ಹಂಚು ಸರಿಸಿದರಾಯಿತು.

"ಮನ್ಯಾಗ ರೊಟ್ಟಿ ಯಾದರ ಮ್ಯಾಲ ಸುಡಲಿ? ನಿಮ್ಮ ನೆತ್ತಿ ಮ್ಯಾಲೇನು?" ಎಂದಳು ಗಿರಿಜಾಬಾಯಿ. ಎರಡು ದಿನ ಅನ್ನ ತಿಂದರು.

ನೆಲದ ಮೇಲೆ ನಿಂತ ವಿಮಾನದ ಪರೀಕ್ಷೆ ಏನು ಪರೀಕ್ಷೆ, ಎತ್ತರದಿಂದ ಕೆಳಗಿನವರಿಗೆ ಕೇಳಬೇಕಲ್ಲ! ಶೆಡ್ಡಿನ ಹಿಂದೆ ಕೆಂಪುಕಲ್ಲು ಕೊಯ್ದು ಬಿಟ್ಟ ಹಳೇ ಗಣಿಯಿತ್ತು. ರೆಕ್ಕೆ ಕಳಚಿಟ್ಟಿದ್ದ ವಿಮಾನವನ್ನು ತಳ್ಳಿಕೊಂಡು ಹೋಗಿ ಆ ಗಣಿಯ ಅಂಚಿನಲ್ಲಿ ನಿಲ್ಲಿಸಿದರು. ಗಿರಿಜಾಬಾಯಿ ಕೈಯಲ್ಲಿ ಹಿಡಿಯುವ ರೇಡಿಯೋ ತೆಗೆದುಕೊಂಡು ಗಣಿಯೊಳಗೆ ಇಳಿದು, ಆಚೆ ತೊಗರಿ ಹೊಲದ ಬದುವಿನ ತನಕ ನಡೆದಳು. ಅಶೋಕಕುಮಾರ ಗೂಡಿನಲ್ಲಿ ಕೂತು ರೇಡಿಯೋದಲ್ಲಿ ಒಂದು, ಎರಡು, ಮೂರು ಎಣಿಸುತ್ತಿದ್ದ. ಉತ್ತಮ ಗಣಿಯ ಅಂಚಿನಲ್ಲೇ ವಿಮಾನಕ್ಕೆ ಏಣಿ ಹಚ್ಚಿಕೊಂಡು, ಅದರ ಬೆನ್ನ ಮೇಲೆ ಬಗ್ಗಿ, ಹಂಚು ಸರಿಸುತ್ತಿದ್ದ. ಏಣಿಯ ಹಿಂದೆ ಎರಡಾಳು ಆಳದ ತಗ್ಗು.

"ಇಲ್ಲ!" ಎಂದು ಗಿರಿಜಾಬಾಯಿ ಬದುವಿನಿಂದ ಕೂಗಿದಳು. ರೇಡಿಯೋ ಬೇಡವೇ ಬೇಡ, ಹಾಗೇ ಸ್ವಚ್ಛ ಕೇಳಿತು.

"ಕಾಕೂ, ರೇಡಿಯೋದಾಗ ಹೇಳ್ರೀ!" ಎಂದು ಅಶೋಕಕುಮಾರ ಗೋಗರೆದ. "ನಿಮ್ಮ ಗಂಟಲಕ್ಕ ಅಂಟೆನಾನ ಬ್ಯಾಡ!"

ಉತ್ತಮ ಹಂಚನ್ನು ಇನ್ನಷ್ಟು ಹಿಂದಕ್ಕೆ ಸರಿಸಲು ಒಂದು ಕಾಲು ಏಣಿಯಿಂದ ಎತ್ತಿ ವಾಲಿದ. ಕೂಡಲೇ ರೇಡಿಯೋದಲ್ಲಿ ಗಿರಿಜಾಬಾಯಿಯ ದನಿ ಬಂತು: "ಬಂತು! ಬಂತು! ಇಳೀರಿ."

ಹತ್ತೇ ನಿಮಿಷ! ಉತ್ತಮ ಸೀಮೆಸುಣ್ಣದಿಂದ ಅಲ್ಲೇ ಗುರುತು ಮಾಡಿ ಕೆಳಗಿಳಿದು, ಎಡಗೈ ತಿರುಗಿಸಿ ತೋರಿಸಿದ. "ನೋಡಿದಿ? ಏಳು ಮಂದಿ ಏಳು ಮಾತು ಹೇಳಿದ್ರಲ್ಲ, ಹತ್ತ ನಿಮಿಷದ ಕೆಲಸ. ಬಿದ್ದ ಮ್ಯಾಲ ಕುದುರಿದ ಕೈ ಇದು."

ಅಶೋಕಕುಮಾರನ ಮುಖ ಅರಳಿತು. ಡ್ರಿಲ್ಲಿಗೆ ವೈರು ಎಳೆದ. ಶುಭಕಾರ್ಯ ಎಂದು ಅವನ ಅವ್ವ ಜಿಜಾಬಾಯಿ ಒಂದು ತೆಂಗಿನಕಾಯಿ, ಒಂದು ಚೀಲ ಭಂಡಾರ ಹಿಡಿದುಕೊಂಡು ಬಂದು ನಿಂತಳು. ಆ ಮನೆಯಲ್ಲಿ ಯಾವ ಹೊಸ ಕೆಲಸಕ್ಕೂ ಮೊದಲು ಒಂದು ಹಿಡಿ ಅರಿಶಿನದ ಭಂಡಾರ ತೂರಲೇಬೇಕು.

"ನಮ್ಮ ಮನಿದೂ ಹಿಂಗ ಹತ್ತ ನಿಮಿಷದಾಗ ಕೂಡಸಿದ್ದಿ ಉತ್ತಮಾ" ಎಂದಳು ಜಿಜಾಬಾಯಿ, ಹಳೆಯ ನೆನಪಿಗೆ ನಗುತ್ತ. "ಚಿತ್ರದಾಗ ಜರಾ ಬಿಳೇ ಚುಕ್ಕಿ ಹಿಟ್ಟ ಉದರಿದಂಗ ಉದರಾಕತ್ತಿತ್ತು ಖರೆ, ಲೇಕಿನ್ ಬಂದಿತ್ತು. ಹವಾ ಸಾಫ್ ಆದ ಮ್ಯಾಲ ಬರೋಬ್ಬರಿ ಆಗತದ ಅಂತ ಗಿರಿಜಾ ಹೇಳಿ ಹೋಗಿದ್ಲು. ಟಿವಿ ಕೆಟ್ಟು ಮೂಲಿ ಸೇರೂ ತನಕ ನಮ್ಮೂರ ಹವಾ ಸಾಫ್ ಆಗಲಿಲ್ಲ ನೋಡು!"

ಉತ್ತಮ ಎಡಗೈ ಕೆಳಗಿಳಿಸಿದ. ಹಿಟ್ಟು? ತಾನು ಕೂಡಿಸಿದ ಅಂಟೆನಾದ ಚಿತ್ರದಲ್ಲಿ ಹಿಟ್ಟು? ಅವನು ಹೆಂಡತಿಯ ಕಡೆ ತಿರುಗಿದ. ಬದುವಿನಿಂದ ಬಂದು ನಿಂತಿದ್ದ ಗಿರಿಜಾಬಾಯಿ ಅವನನ್ನು ನೋಡುತ್ತಿರಲಿಲ್ಲ, ಡ್ರಿಲ್ಲನ್ನು ನೋಡುತ್ತಿದ್ದಳು. ಡ್ರಿಲ್ಲು ಗುರ್ ಎಂದು ತಿರುಗಿತು.

"ಅಶೋಕಪ್ಪಾ, ನಿಲ್ಲಸು! ಬಂದಿಲ್ಲ" ಎಂದಳು ಗಿರಿಜಾಬಾಯಿ.

"ಏನ ಬಂದಿಲ್ಲರಿ ಕಾಕೂ?"

"ದನಿ. ತಗ್ಗಿನ್ಯಾಗ ನಿಂತಾಗ ಅರ್ಧಾ ಕೇಳತಿತ್ತು, ಅರ್ಧಾ ನುಂಗತಿತ್ತು. ಬಾಲದ ಹಿಂದ ಹೋದ್ರ ಏನೂ ಇಲ್ಲ. ಸುಳ್ಳ ಹೇಳಿದೆ ನಾ."

ಅಶೋಕಕುಮಾರ ಡ್ರಿಲ್ಲಿನ ಮೂತಿಯನ್ನು ನೋಡಿದ, ತಗಡನ್ನು ನೋಡಿದ, ಮೆಲ್ಲಗೆ ಡ್ರಿಲ್ಲನ್ನು ನೆಲಕ್ಕಿಟ್ಟ. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವ ಹಾಗೆ ತಾವೆಲ್ಲ ಹೊರಟಿದ್ದೆವಲ್ಲ ಎಂದು ಅವನಿಗೆ ಬೆವರು ಕಿತ್ತುಬಂತು.

ಉತ್ತಮನಿಗೆ ಅದೊಂದೇ ಸುಳ್ಳು ಕಾಣಲಿಲ್ಲ. ಮೂವತ್ತು ವರ್ಷದ ಎಲ್ಲ ಮಾಳಿಗೆಗಳೂ ಒಮ್ಮೆಲೇ ಕಣ್ಣೆದುರಿಗೆ ಬಂದವು. "ಯಾವಾಗಿಂದ?" ಎಂದು ಕೇಳಿದ.

"ರಾಜೇಶ್ವರದಿಂದ."

ಅವನು ಹೋಗಿ ಹಲಗೆಗಳ ಒಟ್ಟಿಲಿನ ಮೇಲೆ ಬೆನ್ನು ಮಾಡಿ ಕೂತ. ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗಿತ್ತು. ಆ ಎಡಗೈಯನ್ನು ಎಷ್ಟು ಮಂದಿಗೆ ತೋರಿಸಿದ್ದೆ! ಗಿರಿಜಾಬಾಯಿ ಬಂದು ಸ್ವಲ್ಪ ದೂರದಲ್ಲಿ ನಿಂತಳು.

"ಮೂವತ್ತ ವರ್ಷ ಮಂದಿ ಮುಂದ ನನ್ನ ಮಂಗ್ಯಾ ಮಾಡಿದಿ" ಎಂದ ಉತ್ತಮ.

"ಮಂಗ್ಯಾ ಆದ್ರ ಆಗ್ರಿ. ಕೈಕಾಲು ನೆಟ್ಟಗವಲ್ಲ" ಎಂದಳು ಅವಳೂ ಬಿಡದೆ. ಆಮೇಲೆ ದನಿ ತಗ್ಗಿತು. "ನಿಮಗ ನೆನಪಿಲ್ಲ. ರಾಜೇಶ್ವರದಾಗ ಚಿತ್ರ ಬಂದಿತ್ತು. ಸಾಕಾಗತಿತ್ತು. ಮಾಸ್ತರ ಹೆಂಡತಿ ಮುಂದ ದೊಡ್ಡಸ್ತನ ತೋರಸಾಕ ನಾ ಕೂಗಿದೆ, 'ಇಲ್ಲ, ಇನ್ನಾ ಜರಾ ತಿರಗಸ್ರಿ' ಅಂತ. ನನ್ನ ಮಾತ ಕೇಳಿ ನೀವು ವಾಲಿದ್ರಿ. ಬಿದ್ರಿ. ಅವತ್ತಿಂದ ನೀವು ಮ್ಯಾಲ ಹತ್ತಿದ್ರ ನನಗ ಟಿವಿ ಕಾಣಂಗಿಲ್ಲರಿ. ಚಿತ್ರ ಬಂತೋ ಬಿಟ್ಟಿತೋ ನಂಗೇನು, ನೀವು ಇಳದು ಬಂದ್ರ ಸಾಕಾಗತಿತ್ತು."

ಉತ್ತಮ ಅವಳ ಕಡೆ ತಿರುಗಿ ಕೂತ. ಪಾಚಿಯಿಂದ ಜಾರಿದೆ ಎಂದೇ ಅವನು ಈವರೆಗೆ ತಿಳಿದಿದ್ದ, ಅದೂ ಸುಳ್ಳಲ್ಲ. ಆದರೆ ಇವಳು ಆ ಬೀಳುವಿಕೆಯನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡು, ಯಾರಿಗೂ ಹೇಳದೆ, ಸೈಕಲ್ಲಿನ ಹಿಂದೆ ಹೊತ್ತುಕೊಂಡು ತಿರುಗಿದ್ದಳು. ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. "ಮೊದಲ ಹೇಳಬಾರದೇನ ಹುಚ್ಚಿ" ಎಂದ.

"ಹೇಳಿದ್ರ ನೀವು ಮ್ಯಾಲ ಹತ್ತೂದು ಬಿಡತಿದ್ರೇನು?"

"ಇಲ್ಲ."

"ಮತ್ತ!"

ಗಿರಿಜಾಬಾಯಿ ಕಣ್ಣೊರೆಸಿಕೊಂಡು ವಿಮಾನದ ಕಡೆ ಕೈಮಾಡಿದಳು. "ನನಗೊಂದು ತಿಳಿವಲ್ದು. ಮ್ಯಾಲ ಹೋದಾವ ಮಾತಾಡೂದು ಕೆಳಗಿನವರ ಕೂಡ ಹೌದಲ್ಲ? ಮತ್ತ ಕಡ್ಡಿ ಬೆನ್ನ ಮ್ಯಾಲ ಯಾಕ? ಹೊಟ್ಟಿ ಕೆಳಗ ಹಚ್ಚಿ ನೋಡ್ರಿ. ಕೆಳಗ ಮಲಕೊಂಡ ಮನಷ್ಯಾ ಬೀಳೂದರ ಎಲ್ಲಿಗಿ? ಅಲ್ಲಿ ಮಲಗ್ರಿ, ಒಂದ ಸುಳ್ಳ ಹೇಳಿದ್ರ ಕೇಳ್ರಿ."

ಎತ್ತರವೇ ದೇವರು ಎಂದು ನಂಬಿ ಬದುಕಿದ ಅಂಟೆನಾ ಉತ್ತಮ, ಅವತ್ತು ಗೋಣಿತಟ್ಟು ಹಾಸಿಕೊಂಡು ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ. ಹಂಚನ್ನು ಬೆಲ್ಟಿನಿಂದ ಹೊಟ್ಟೆಗೆ ಬಿಗಿದು, ಕಡ್ಡಿಯನ್ನು ತಲೆಕೆಳಗಾಗಿ ನಿಲ್ಲಿಸಿದರು. ಗಿರಿಜಾಬಾಯಿ ಮತ್ತೆ ತಗ್ಗಿಗಿಳಿದಳು.

ಅಬ್ಬಾ, ಆ ಮಧ್ಯಾಹ್ನ! ಖರೇ ಹೇಳುವ ಗಿರಿಜಾಬಾಯಿಯಂಥ ಕಠಿಣ ಹೆಂಗಸು ಬೀದರ ಜಿಲ್ಲೆಯಲ್ಲೇ ಇರಲಿಲ್ಲ. ಮೂಗಿನ ಹತ್ತಿರ ಇಟ್ಟರೆ "ಇಲ್ಲ". ಹೊಗೆ ನಳಿಕೆಯ ಪಕ್ಕ ಇಡುವಂತೆಯೇ ಇಲ್ಲ, ಬಿಸಿಗೆ ಸುಟ್ಟು ಹೋಗುತ್ತದೆ ಎಂದು ಅಶೋಕಕುಮಾರನೇ ಬೇಡವೆಂದ. ಗಾಲಿಗಳ ನಡುವೆ ಇಟ್ಟರೆ "ಬರಾಕತ್ತದ, ಆದ್ರ ಎಡಗಡಿ ಬಂದ್ರ ಇಲ್ಲ", ಗಾಲಿಯ ಕಾಲುಗಳು ಅಡ್ಡ. ಬಾಲದ ಕಡೆ ಒಯ್ದರೆ "ಇಲ್ಲ". ಉತ್ತಮನ ಬೆನ್ನು ನೋಯಿತು, ಕುತ್ತಿಗೆ ಹಿಡಿಯಿತು, ಕಣ್ಣೊಳಗೆ ಕೆಮ್ಮಣ್ಣು ಬಿತ್ತು. ನಡುವೆ ಒಮ್ಮೆ "ಸಾಕ ಮಾಡ್ಲೇನ?" ಎಂದು ತಾನೇ ಕೇಳಿದ. "ಸುಮ್ಮ ಮಲಕೊಂಡು ಸರಸ್ರಿ!" ಎಂದು ರೇಡಿಯೋ ಬೈಯಿತು. ಹಾಗೆ ಬೈಸಿಕೊಳ್ಳುವಾಗ ಉತ್ತಮನಿಗೆ ಮದುವೆಯಾದ ಹೊಸತಿನ ದಿನಗಳು ನೆನಪಾಗಿ ನಗು ಬಂತು. ಆಗಲೂ ಒಂದು ಮನೆಗೆ ಮುಕ್ಕಾಲು ತಾಸು ಹಿಡಿಯುತ್ತಿತ್ತಲ್ಲ!

ಹೊತ್ತು ಇಳಿಯುವಾಗ, ಗಾಲಿಗಳ ಕಾಲಿನಿಂದ ಎರಡು ಗೇಣು ಹಿಂದೆ, ಹೊಟ್ಟೆಯ ನಟ್ಟನಡುವೆ ಹಂಚು ಬಂದು ನಿಂತಿತು. ಗಿರಿಜಾಬಾಯಿ ತಗ್ಗಿನಲ್ಲಿ ನಿಂತು ಕೇಳಿದಳು, ಬದುವಿನ ಮೇಲೆ ನಿಂತು ಕೇಳಿದಳು, ಇಡೀ ಗಣಿಯನ್ನು ಒಂದು ಸುತ್ತು ಹಾಕಿ ಬಾಲದ ಹಿಂದಿನಿಂದ ಬಂದಳು.

"ಬಂತು" ಎಂದಳು.

"ಖರೇನಾ?"

"ನಿಮ್ಮಾಣಿ. ಅಶೋಕಪ್ಪ ಉಸರ ತಗೊಳ್ಳೂದೂ ಕೇಳಾಕತ್ತದ."

ಜಿಜಾಬಾಯಿ ಬಗ್ಗಿ ವಿಮಾನದ ಹೊಟ್ಟೆಗೆ ಒಂದು ಹಿಡಿ ಭಂಡಾರ ತೂರಿದಳು. ಅರ್ಧ ಉತ್ತಮನ ಮುಖದ ಮೇಲೆಯೇ ಬಿತ್ತು. ಅಶೋಕಕುಮಾರ ಮಲಗಿ ತೂತು ಹೊಡೆದ. ಹಿಂದಕ್ಕೆ ಬಾಗಿದ, ನೆಲಕ್ಕೆ ತಾಗದ ಅಸಲಿ ಕಡ್ಡಿಯನ್ನು ಅಲ್ಲಿ ಕೂರಿಸಿದರು. ಹಂಚು ಮನೆಗೆ ಹೋಯಿತು. ಗುರುವಾರ ಬಂದ ತಪಾಸಣೆಯವರು ಅದನ್ನು ಬೆರಳಿನಿಂದ ಬಡಿದು ನೋಡಿ, ಒಂದು ಸೊನ್ನೆ ಹಾಕಿ ಮುಂದೆ ಹೋದರು. ಅದು ಒಳ್ಳೆಯ ಗುರುತೋ ಕೆಟ್ಟ ಗುರುತೋ ಎಂದು ತಿಳಿಯುವ ತನಕ ಉತ್ತಮ ನೀರೂ ಕುಡಿಯಲಿಲ್ಲ. ಒಳ್ಳೆಯದೇ ಆಗಿತ್ತು.

ಮುಂದಿನ ಮೂರು ತಿಂಗಳು ನಿಯಮದಂತೆ ಅಶೋಕಕುಮಾರ ಒಬ್ಬನೇ ಹಾರಿದ. ತೊಗರಿ ಕೊಯ್ದು ಮುಗಿದ ಹೊಲಗಳ ನಡುವೆ ಮೊರಮು ಹಾಸಿ ಗಟ್ಟಿಮಾಡಿದ ಪಟ್ಟಿಯಿಂದ ಏಳುತ್ತಿದ್ದ, ಇಳಿಯುತ್ತಿದ್ದ. ಇನ್ನೊಬ್ಬರನ್ನು ಕೂಡಿಸಿಕೊಳ್ಳಲು ಅಪ್ಪಣೆ ಬಂದ ದಿನ ಮೊದಲು ಬಂಗ್ಲಾದ ಉತ್ತಮನ ಅಂಗಡಿಗೇ ಬಂದ.

"ಕಾಕಾ, ಹೊರಳುವಾಗ ರೇಡಿಯೋ ಎಲ್ಲಾ ಕಡಿಂದ ಕೇಳತದೋ ಇಲ್ಲೋ ಒಮ್ಮಿ ನೋಡಬೇಕು. ನಂಗ ಹಾರಸೂದ್ರಾಗ ಆಗವಲ್ದು. ನೀವು ಮ್ಯಾಲ ಬರ್ರಿ. ಕಾಕೂ ಕೆಳಗ ನಿಂದ್ರಲಿ."

ಉತ್ತಮ ಹೆಂಡತಿಯ ಮುಖ ನೋಡಿದ. ಹದಿನೈದು ಅಡಿಯ ಮಾಳಿಗೆಯನ್ನೇ ತಾಳದ ಹೆಂಗಸು. ಅವಳು ಸೆರಗು ಸಿಕ್ಕಿಸಿಕೊಂಡು ಅವರ ಜೊತೆ ಹೊರಟಳು. ಪಟ್ಟಿಯ ಪಕ್ಕ ರೇಡಿಯೋವನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು, ಅಷ್ಟೇ.

ವಿಮಾನ ನೆಲ ಬಿಟ್ಟಿತು. ಉತ್ತಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಸ್ವಲ್ಪ ಧೈರ್ಯ ಬಂದು ಕಣ್ಣು ತೆರೆದರೆ ಹುಮನಾಬಾದಿನ ಮಾಳಿಗೆಗಳೆಲ್ಲ ಅಂಗೈ ಮೇಲಿಟ್ಟ ಹಾಗೆ ಕಂಡವು. ಜೀವಮಾನವಿಡೀ ಆ ಮಾಳಿಗೆಗಳ ಅಂಚಿನಲ್ಲಿ ನಿಂತು ಮೇಲೆ ನೋಡಿದವನು ಈಗ ಅವನ್ನೇ ಕೆಳಗೆ ನೋಡುತ್ತಿದ್ದ. ಪಟ್ಟಿಯ ಪಕ್ಕ ಒಂದು ಹಸಿರು ಸೀರೆಯ ಚುಕ್ಕೆ ಅಲುಗದೆ ನಿಂತಿತ್ತು.

ಅಶೋಕಕುಮಾರ ಎಡಕ್ಕೆ ಹೊರಳಿಸಿದ. ಇಡೀ ಭೂಮಿ ಉತ್ತಮನ ಭುಜದ ಕಡೆ ವಾಲಿತು. ಅವನು ಗುಂಡಿ ಒತ್ತಿದ. "ಗಿರಿಜಾ, ಕೇಳಾಕತ್ತದೇನ?"

ಉತ್ತರ ಬರಲಿಲ್ಲ. ಕಿವಿಗೆ ಹಾಕಿಕೊಂಡಿದ್ದರಲ್ಲಿ ಬರೀ ಸುಯ್ ಎನ್ನುವ ಸದ್ದು. ರಾಜೇಶ್ವರದ ಮಾಳಿಗೆ ಅವಳ ಕಣ್ಣೆದುರಿಗೆ ಬಂದಿರಬೇಕು ಎಂದು ಉತ್ತಮನಿಗೆ ಗೊತ್ತಿತ್ತು. ಬಂತು, ಇಳೀರಿ ಎಂದು ಬಿಡಲಿ, ಪಾಪ. ಎಂದರೆ ತಾನೇನೂ ಅಂದುಕೊಳ್ಳುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಹೇಳಿಕೊಂಡ.

ಆಮೇಲೆ ದನಿ ಬಂತು. ಅಳು ತಡೆದುಕೊಂಡ ದನಿ, ಆದರೂ ಒಂದೊಂದು ಅಕ್ಷರ ಬಿಡಿಸಿ ಹೇಳುತ್ತಿತ್ತು.

"ಎಡಕ್ಕ ಹೊಳ್ಳಿದಾಗ ಸಣ್ಣ ಆಗತದ. ಇಲ್ಲ. ಇನ್ನಾ ಜರಾ ತಿರಗಸ್ರಿ."

ಅಶೋಕಕುಮಾರ ಪಕ್ಕದ ಸೀಟಿನ ಕಡೆ ನೋಡಿದ. ಉತ್ತಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ತಿರಗಸಪಾ" ಎಂದ ಉತ್ತಮ. "ಆಕಿ ಹೇಳಾಕತ್ತಾಳಲ್ಲ." ವಿಮಾನ ಇನ್ನೊಂದು ಸುತ್ತಿಗೆ ಹೊರಳಿತು.